ಮೊದಲ ನಗು, ಮೊದಲ ಮಾತುಕತೆ, ಮೊದಲ ಹೊರಳು: ಮಕ್ಕಳ ವೈದ್ಯೆಯ ಜೊತೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರಿಂದ: ಈ ವಾರ ಮಕ್ಕಳ ವೈದ್ಯೆಯೊಬ್ಬರು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲು ಒಪ್ಪಿದ್ದಾರೆ. ಹುಟ್ಟಿನಿಂದ ಆರು ತಿಂಗಳವರೆಗಿನ ಮಕ್ಕಳ ಬೆಳವಣಿಗೆ ಬಗ್ಗೆ ಕೇಳಿ. ಮಗುವಿನ ವಯಸ್ಸು ಬರೆಯುವುದನ್ನು ಮರೆಯಬೇಡಿ. ಔಷಧಿ ಎಷ್ಟು ಹಾಕಬೇಕು ಅನ್ನುವುದನ್ನು ಇಲ್ಲಿ ಕೇಳಬೇಡಿ.

ಪ್ರಶ್ನೆ: ನಮಸ್ತೆ ಮೇಡಂ. ಮಗಳಿಗೆ ಐದು ವಾರ. ನಿದ್ದೆಯಲ್ಲಿ ನಗುತ್ತಾಳೆ. ಅಮ್ಮ ದೇವರು ನಗಿಸ್ತಾನೆ ಅಂತಾರೆ. ನಮ್ಮ ಯಜಮಾನರು ಗ್ಯಾಸ್ ಅಂತಾರೆ. ಎಚ್ಚರ ಇರುವಾಗ ನಮ್ಮನ್ನು ನೋಡಿ ನಗೋದು ಯಾವಾಗ? ಅದಕ್ಕೆ ನಾವು ಏನಾದರೂ ಮಾಡಬೇಕಾ?

ವೈದ್ಯೆ: ಗ್ಯಾಸ್ ಅಂತೂ ಅಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುವ ನಿದ್ದೆ ಒಂದಿದೆ. ಎಳೆ ಮಕ್ಕಳ ನಿದ್ದೆಯಲ್ಲಿ ಸುಮಾರು ಅರ್ಧ ಪಾಲು ಅದೇ. ಆಗ ತುಟಿ, ಕೆನ್ನೆ, ಹುಬ್ಬು ತಾವಾಗಿಯೇ ಆಡುತ್ತವೆ. ಈಗ ನಗು, ಮರುಕ್ಷಣ ಅಳುಮೋರೆ. ಅಮ್ಮನ ಮಾತನ್ನು ಹಾಗೇ ಇರಲು ಬಿಡಿ, ಚೆನ್ನಾಗಿದೆ.

ನಿಮ್ಮನ್ನು ನೋಡಿ ನಗುವುದು ಸಾಮಾನ್ಯವಾಗಿ ಆರರಿಂದ ಎಂಟನೇ ವಾರದ ನಡುವೆ. ಅಂದರೆ ಇನ್ನೇನು ಹತ್ತಿರ ಬಂತು. ಹಾಲು ಕುಡಿದು, ಬಟ್ಟೆ ಬದಲಾಯಿಸಿಕೊಂಡು, ಅಳದೆ ಸುಮ್ನೆ ಕಣ್ಣು ಬಿಟ್ಟುಕೊಂಡು ಮಲಗಿರುವ ಹೊತ್ತು ಇರುತ್ತದಲ್ಲ, ಆಗ ಹತ್ತಿರ ಹೋಗಿ. ಈ ವಯಸ್ಸಿನಲ್ಲಿ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ, ಹೆಚ್ಚುಕಮ್ಮಿ ಒಂದು ಗೇಣು. ಹಾಲು ಕುಡಿಯುವಾಗ ನಿಮ್ಮ ಮುಖ ಇರುವುದೂ ಅಷ್ಟೇ ದೂರದಲ್ಲಿ. ಬಾಗಿಲ ಹತ್ತಿರ ನಿಂತು ಕರೆದರೆ ಧ್ವನಿ ಕೇಳುತ್ತದೆ, ಮುಖ ಸ್ಪಷ್ಟವಾಗಿ ಕಾಣುವುದಿಲ್ಲ.

ಎರಡು ಮಾತು ಆಡಿ. ಆಮೇಲೆ ಸುಮ್ಮನಾಗಿ, ಕಾಯಿರಿ. ಇದು ಕಷ್ಟ, ಯಾಕೆಂದರೆ ನಾವು ದೊಡ್ಡವರು ಕಾಯುವುದೇ ಇಲ್ಲ. ಚಿಟಿಕೆ ಹೊಡೆಯುತ್ತೇವೆ, ಗಿಲಕಿ ಆಡಿಸುತ್ತೇವೆ, ಫೋನ್ ಎತ್ತುತ್ತೇವೆ. ಕಾದು ನೋಡಿ. ಮಗುವಿನ ಕೈಕಾಲು ಆಡುವುದು ಒಮ್ಮೆ ನಿಲ್ಲುತ್ತದೆ. ಕಣ್ಣು ದೊಡ್ಡದಾಗುತ್ತದೆ. ನೋಟ ಮೊದಲು ನಿಮ್ಮ ಹಣೆ, ಕೂದಲ ಅಂಚಿನ ಮೇಲೆ ಇರುತ್ತದೆ, ನಿಧಾನಕ್ಕೆ ಕಣ್ಣಿಗೆ ಇಳಿಯುತ್ತದೆ. ಹುಬ್ಬು ಮೇಲೇರುತ್ತದೆ. ಬಾಯಿ ಸ್ವಲ್ಪ ತೆರೆದು ನಾಲಿಗೆ ತುದಿ ಹೊರಗೆ ಬರುತ್ತದೆ. ಆಮೇಲೆ ಮುಖವೆಲ್ಲ ಅರಳಿ, ಎರಡೂ ಕಾಲು ಒದೆಯಲು ಶುರು. ಆಗ ನೀವೂ ನಕ್ಕು ಮಾತಾಡಿ. ಸ್ವಲ್ಪ ಹೊತ್ತಿಗೆ ಮುಖ ಆ ಕಡೆ ತಿರುಗಿಸಿದರೆ ಬೇಜಾರಾಗಬೇಡಿ, ಸದ್ಯಕ್ಕೆ ಸಾಕು ಅಂತ ಅರ್ಥ. ತಾನೇ ಮತ್ತೆ ತಿರುಗುತ್ತಾಳೆ.

ಮೊದಲ ಆರು ತಿಂಗಳು ಅಪ್ಪ ಅಮ್ಮ ಕಲಿಯಬೇಕಾದದ್ದು ಮುಖ್ಯವಾಗಿ ಇದೇ ಅಂತ ನನ್ನ ನಂಬಿಕೆ. ಕಾಯುವುದು, ಮಗು ಏನಾದರೂ ಮಾಡಿದಾಗ ಉತ್ತರ ಕೊಡುವುದು. ದುಬಾರಿ ಆಟಿಕೆ ಇದನ್ನು ಮಾಡುವುದಿಲ್ಲ. ಮೂರು ತಿಂಗಳು ತುಂಬಿದರೂ ಮುಖ ನೋಡಿ ನಗದಿದ್ದರೆ, ಅಥವಾ ಮುಖವನ್ನು ಕಣ್ಣಲ್ಲಿ ಹಿಂಬಾಲಿಸದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಶಿರಸಿ ಕಡೆ. ನಾನು ಕೆಲಸಕ್ಕೆ ಬೆಂಗಳೂರಿನಲ್ಲಿ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಭಾನುವಾರ ರಾತ್ರಿ ವಾಪಸ್. ಮಗನಿಗೆ ಮೂರು ತಿಂಗಳು. ನಾನು ಎತ್ತಿಕೊಂಡರೆ ಅಳುತ್ತಾನೆ, ಅತ್ತೆ ತಕ್ಷಣ ಬಂದು ತೆಗೆದುಕೊಂಡು ಹೋಗುತ್ತಾರೆ. ಅವನಿಗೆ ನಾನು ಯಾರೋ ಆಗಿಬಿಡ್ತೀನಾ?

ವೈದ್ಯೆ: ಖಂಡಿತ ಇಲ್ಲ. ಪರಿಚಯ ಇಲ್ಲದವರನ್ನು ಕಂಡು ಮುಖ ಸಿಂಡರಿಸುವುದು ಶುರುವಾಗುವುದೇ ಆರೇಳು ತಿಂಗಳ ಮೇಲೆ. ಮೂರು ತಿಂಗಳ ಮಗು ನಿಮ್ಮನ್ನು ಬೇಡ ಅನ್ನುತ್ತಿಲ್ಲ. ಎತ್ತಿಕೊಳ್ಳುವ ರೀತಿ ಹೊಸದು, ಅಷ್ಟೇ. ಇನ್ನು ಹೊಸಬರು ಭಯಕ್ಕೆ ಮಗುವನ್ನು ಮೈಯಿಂದ ದೂರ ಹಿಡಿಯುತ್ತಾರೆ, ಅದಕ್ಕೂ ಮಗು ಅಳುತ್ತದೆ. ಎದೆಗೆ ಒರಗಿಸಿಕೊಳ್ಳಿ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕುಂಡೆಯ ಕೆಳಗೆ.

ಹೋದಾಗಲೆಲ್ಲ ಮಗುವಿನ ಒಂದು ಕೆಲಸ ನಿಮ್ಮದೇ ಅಂತ ಇಟ್ಟುಕೊಳ್ಳಿ. ನೀರು ಹಾಕುವುದು ಅಜ್ಜಿಯ ಕೆಲಸ, ಅದರಲ್ಲಿ ನೀವು ಗೆಲ್ಲಲಾರಿರಿ. ಆದರೆ ಕಾಲ ಮೇಲೆ ಮಲಗಿಸಿಕೊಂಡು ಎರೆದು ಮುಗಿದ ಮೇಲೆ ಮಗುವನ್ನು ಟವೆಲ್‌ನಲ್ಲಿ ಇಸಿದುಕೊಳ್ಳುವುದು ನೀವಾಗಬಹುದಲ್ವಾ? ಮೈ ಒರೆಸಿ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದಿಯ ನೀರು ಒತ್ತಿ ತೆಗೆದು, ಬಟ್ಟೆ ಹಾಕಿ, ಹಾಲು ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ತಟ್ಟಿ. ನಿಮ್ಮ ಮೈ ವಾಸನೆ, ಧ್ವನಿ ಅವನಿಗೆ ಹೀಗೆಯೇ ಪರಿಚಯವಾಗುವುದು. ಅತ್ತೆಗೆ ಪ್ರೀತಿಯಿಂದಲೇ ಹೇಳಿ: "ಸ್ವಲ್ಪ ಹೊತ್ತು ನೋಡೋಣ ಅತ್ತೆ, ಆಗದಿದ್ದರೆ ಕೊಡ್ತೀನಿ."

ಉಳಿದ ದಿನ ವಿಡಿಯೊ ಕಾಲ್ ಮಾಡಿ. ಎರಡು ವರ್ಷದ ಒಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳಿದರೂ, ಮನೆಯವರ ಜೊತೆ ಅಪರೂಪಕ್ಕೆ ವಿಡಿಯೊ ಕಾಲ್ ಆಗಬಹುದು ಅನ್ನುತ್ತದೆ. ಸ್ವಲ್ಪ ಹೊತ್ತು ಸಾಕು. ಮಗುವಿನ ಮುಖಕ್ಕೆ ಫೋನ್ ಒಡ್ಡುವುದಕ್ಕಿಂತ, ಹೆಂಡತಿ ಮಗುವಿನ ಜೊತೆ ಮಾತಾಡುತ್ತಿರುವಾಗ ನೀವೂ ಸೇರಿಕೊಳ್ಳಿ.

ಪ್ರಶ್ನೆ: ಎರಡು ತಿಂಗಳ ಮಗುವನ್ನು ದಿನಾ ಸ್ವಲ್ಪ ಹೊತ್ತು ಬೋರಲು ಮಲಗಿಸಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ನಮ್ಮಜ್ಜಿ "ಕತ್ತೇ ನಿಂತಿಲ್ಲ, ಆಗಲೇ ಬೋರಲು ಹಾಕ್ತೀಯಾ" ಅಂತ ಜಗಳಕ್ಕೆ ಬರ್ತಾರೆ. ಯಾರ ಮಾತು ಕೇಳಲಿ?

ವೈದ್ಯೆ: ಅಜ್ಜಿಯ ಭಯದಲ್ಲಿ ನಿಜ ಇದೆ. ಕತ್ತು ಪೂರ್ತಿ ನಿಲ್ಲುವುದು ಮೂರ್ನಾಲ್ಕು ತಿಂಗಳಿಗೆ. ಅಲ್ಲಿಯವರೆಗೆ ಎತ್ತುವಾಗ ಕತ್ತಿಗೆ ಕೈ ಕೊಡಲೇಬೇಕು. ಆದರೆ ಕತ್ತು ನಿಲ್ಲಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. ಬೋರಲು ಮಲಗಿಸುವುದು ಅದಕ್ಕಾಗಿ.

ಅಜ್ಜಿಯ ಎದುರಿಗೇ ಮೊದಲು ನಿಮ್ಮ ಎದೆಯ ಮೇಲೆ ಶುರುಮಾಡಿ. ಹಿಂದಕ್ಕೆ ಒರಗಿ ಕುಳಿತು ಮಗುವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಮಾತಾಡಿಸಿ. ನಿಮ್ಮ ಮುಖ ನೋಡಲು ತಲೆ ಎತ್ತುತ್ತದೆ, ಮೂಗು ನಿಮ್ಮ ಎದೆಗೆ ಬೀಳುತ್ತದೆ, ಮತ್ತೆ ಎತ್ತುತ್ತದೆ. ಇದನ್ನು ನೋಡಿದರೆ ಅಜ್ಜಿಯೂ ಒಪ್ಪುತ್ತಾರೆ. ಆಮೇಲೆ ನೆಲದ ಮೇಲೆ ಚಾಪೆ, ಚಾಪೆ ಮೇಲೆ ಮಡಚಿದ ಬೆಡ್‌ಶೀಟ್. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು, ಅತ್ತರೆ ಎತ್ತಿಕೊಳ್ಳಿ. ಇನ್ನೂ ತಾನಾಗಿ ಓಡಾಡದ ಮಗುವಿಗೆ ದಿನಕ್ಕೆ ಎಲ್ಲ ಸೇರಿ ಕನಿಷ್ಠ 30 ನಿಮಿಷ ಆಗಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಲೆಕ್ಕಕ್ಕೆ ನಿಧಾನವಾಗಿ ಬನ್ನಿ. ಹಾಲು ಕುಡಿದ ತಕ್ಷಣ ಬೇಡ, ಕಕ್ಕಿಬಿಡುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಬೋರಲು ಎಚ್ಚರ ಇರುವಾಗ, ಪಕ್ಕದಲ್ಲಿ ದೊಡ್ಡವರು ಇರುವಾಗ ಮಾತ್ರ. ನಿದ್ದೆಗೆ ಯಾವಾಗಲೂ ಅಂಗಾತ.

ಪ್ರಶ್ನೆ: ಮೂರು ತಿಂಗಳ ಮಗ ತನ್ನ ಕೈಯನ್ನೇ ಮುಖದ ಮುಂದೆ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡ್ತಾನೆ. ಏನಾದರೂ ತೊಂದರೆನಾ?

ವೈದ್ಯೆ: ತೊಂದರೆ ಇಲ್ಲ, ಹಬ್ಬ! ಈ ಕೈ ನನ್ನದೇ ಅಂತ ಈಗ ಗೊತ್ತಾಗುತ್ತಿದೆ. ಮಿಟನ್ ಹಾಕಿದ್ದರೆ ತೆಗೆದುಬಿಡಿ, ಉಗುರು ಕತ್ತರಿಸಿ. ಕೆಲವು ವಾರಕ್ಕೆ ಎರಡೂ ಕೈ ಸೇರಿಸುತ್ತಾನೆ, ಬಾಯಿಗೆ ಒಯ್ಯುತ್ತಾನೆ, ಆಮೇಲೆ ನಿಮ್ಮ ಸರಕ್ಕೆ ಕೈ ಹಾಕುತ್ತಾನೆ.

ಪ್ರಶ್ನೆ: ಬೇಗ ಮಾತು ಬರಲಿ ಅಂತ ನಮ್ಮ ಮನೆಯಲ್ಲಿ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸ್ತಾರೆ. ಒಂದು ಚೂರು ತಾನೇ ಅಂತಾರೆ. ಕೊಡಬಹುದಾ?

ವೈದ್ಯೆ: ಬೇಡ. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಒಂದು ವರ್ಷದ ಒಳಗಿನ ಮಗುವಿಗೆ ಜೇನು ಚೂರೂ ಬೇಡ. ಜೇನಿನಲ್ಲಿ ಬೊಟುಲಿಸಂ ಅನ್ನುವ ಕಾಯಿಲೆಯ ಬೀಜಾಣು ಇರಬಹುದು. ಎಳೆ ಮಗುವಿನ ಕರುಳಿನಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಮಗು ಸೋತುಹೋಗುತ್ತದೆ, ಹಾಲು ಚೀಪಲು ಆಗುವುದಿಲ್ಲ, ಉಸಿರಾಟಕ್ಕೂ ತೊಂದರೆ ಆಗಬಹುದು. ಅಪರೂಪ, ಆದರೆ ಬಂದರೆ ಗಂಭೀರ. ಬಜೆಯೂ ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಬೇಸಿಗೆಯಲ್ಲೂ ನೀರು ಬೇಕಿಲ್ಲ, ಎದೆಹಾಲಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಡಿ ಹನಿ, ಔಷಧಿ ಮಾತ್ರ ಇದಕ್ಕೆ ಹೊರತು.

ಮಾತು ಬರಲಿ ಅನ್ನುವ ಆಸೆ ಸರಿಯಾದದ್ದೇ. ಅದಕ್ಕೆ ದಾರಿ ಬೇರೆ. ಎರಡು ತಿಂಗಳ ಹೊತ್ತಿಗೆ ಮಗು "ಆ", "ಊ", "ಅಗೂ" ಅನ್ನಲು ಶುರುಮಾಡುತ್ತದೆ. ಅದು "ಅಗೂ" ಅಂದಾಗ ನೀವೂ "ಅಗೂ" ಅನ್ನಿ, ನಿಲ್ಲಿಸಿ. ಮತ್ತೆ ಅದರ ಸರದಿ. ನಾಲ್ಕೈದು ಸರದಿ ನಡೆದರೆ ಮಾತುಕತೆ ಶುರುವಾಯಿತು ಅಂತಲೇ ಲೆಕ್ಕ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತ ಅಜ್ಜಿ "ಏನೋ ಪುಟ್ಟಾ, ಹೌದಾ, ಆಮೇಲೆ?" ಅಂತ ಹರಟೆ ಹೊಡೆಯುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಜೋಗುಳ ಹಾಡಿ, ಸ್ವರ ತಪ್ಪಿದರೂ ಪರವಾಗಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಯಾವ ಭಾಷೆ ಇದ್ದರೂ ಅದರಲ್ಲೇ ಮಾತಾಡಿ. ನಾಲ್ಕು ತಿಂಗಳ ಸುತ್ತಮುತ್ತ ಗಟ್ಟಿಯಾಗಿ ಕಿಲಕಿಲ ನಗುತ್ತದೆ, ಕೇಕೆ ಹಾಕುತ್ತದೆ. ಆಗ ಮನೆಮಂದಿಯೆಲ್ಲ ಅದನ್ನು ನಗಿಸುವುದರಲ್ಲೇ ಇರುತ್ತೀರಿ.

ಪ್ರಶ್ನೆ: ನಾದಿನಿಯ ಮಗು ಮೂರೂವರೆ ತಿಂಗಳಿಗೇ ಬೋರಲು ಬಿತ್ತು, ಮನೆಯಲ್ಲಿ ಪಾಯಸ ಮಾಡಿದರು. ನಮ್ಮವಳಿಗೆ ಐದು ತಿಂಗಳು, ಇನ್ನೂ ಇಲ್ಲ. ಬಂದವರೆಲ್ಲ ಅದನ್ನೇ ಕೇಳ್ತಾರೆ.

ವೈದ್ಯೆ: ಕೇಳುವವರಿಗೆ "ಡಾಕ್ಟರ್ ಸರಿ ಇದೆ ಅಂದರು" ಅಂತ ನನ್ನ ಹೆಸರಲ್ಲೇ ಹೇಳಿಬಿಡಿ. ಹೆಚ್ಚಿನ ಮಕ್ಕಳು ನಾಲ್ಕರಿಂದ ಆರು ತಿಂಗಳ ನಡುವೆ ಹೊರಳುತ್ತಾರೆ. ಬೇಗ ಹೊರಳಿದ ಮಗು ಜಾಣ, ತಡವಾದದ್ದು ದಡ್ಡ ಅಂತ ಏನೂ ಇಲ್ಲ.

ದಿನದ ಬಹುಪಾಲು ಜೋಲಿಯಲ್ಲೋ ತೋಳಿನಲ್ಲೋ ಇರುವ ಮಗುವಿಗೆ ಹೊರಳಲು ಜಾಗವೇ ಸಿಗುವುದಿಲ್ಲ. ಚಾಪೆಯ ಮೇಲೆ ಬಿಡಿ. ಅವಳಿಗೆ ಇಷ್ಟವಾದದ್ದನ್ನು, ಸ್ಟೀಲ್ ಲೋಟ ಆದರೂ ಸರಿ, ಪಕ್ಕದಲ್ಲಿ ಕೈಗೆ ಎಟುಕಿಯೂ ಎಟುಕದ ಹಾಗೆ ಇಡಿ. ಇವತ್ತಿನಿಂದಲೇ ಮಂಚದ ಮೇಲೆ ಒಬ್ಬಳನ್ನೇ ಬಿಡಬೇಡಿ, ದಿಂಬು ಅಡ್ಡ ಇಟ್ಟರೂ ಬೇಡ. ಮೊದಲ ಹೊರಳು ಹೇಳಿ ಬರುವುದಿಲ್ಲ.

ನಾನು ಒಂದೇ ಕೆಲಸ ತಡವಾದರೆ ಹೆದರುವುದಿಲ್ಲ. ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಮೈ ತೀರಾ ಸಡಿಲ ಅಥವಾ ತೀರಾ ಬಿಗಿ ಇದ್ದರೆ, ಮುಷ್ಟಿ ಸದಾ ಮುಚ್ಚಿಯೇ ಇದ್ದರೆ, ಯಾವಾಗಲೂ ಒಂದೇ ಕೈ ಆಡಿಸುತ್ತಿದ್ದರೆ, ಸದ್ದಿಗೆ ಬೆಚ್ಚದಿದ್ದರೆ, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಕಾಯಬೇಡಿ. ಬರುತ್ತಿದ್ದ ನಗು, ಮಾತು ನಿಂತುಹೋದರೂ ಅಷ್ಟೇ. ಇನ್ನೊಂದು, ಮೂರು ತಿಂಗಳ ಒಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಇದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಹೆಸರು ಬೇಡ): ಇಲ್ಲಿ ಕೇಳಬೇಕೋ ಬೇಡವೋ ಗೊತ್ತಿಲ್ಲ. ಮಗುವಿಗೆ ಎಂಟು ವಾರ, ನಗೋಕೆ ಶುರುಮಾಡಿದ್ದಾನೆ. ಎಲ್ಲರಿಗೂ ಖುಷಿ. ನನಗೆ ಏನೂ ಅನ್ನಿಸ್ತಿಲ್ಲ. ಅವನು ಮಲಗಿದರೂ ನನಗೆ ನಿದ್ದೆ ಬರಲ್ಲ. ಮನೆಯಲ್ಲಿ ಹೇಳಿದರೆ "ಇಷ್ಟು ಚಂದದ ಮಗು ಇದೆ, ಇನ್ನೇನು ಬೇಕು" ಅಂತಾರೆ.

ವೈದ್ಯೆ: ಕೇಳಿದ್ದು ತುಂಬಾ ಒಳ್ಳೆಯದಾಯಿತು ಅಮ್ಮ. ಹೆರಿಗೆಯಾದ ಮೊದಲ ಹತ್ತು ದಿನ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಹೀಗೇ ಇದ್ದರೆ ಅದು ಖಿನ್ನತೆ ಇರಬಹುದು. ಬಾಣಂತಿಯರಲ್ಲಿ ಇದು ಅಪರೂಪವಲ್ಲ. ಇದು ನಿಮ್ಮ ಸ್ವಭಾವದ ತಪ್ಪಲ್ಲ, ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ. ಮೇಲಾಗಿ ಆರನೇ ವಾರದ ಸುತ್ತ ಮಕ್ಕಳ ಅಳು ಅತಿ ಜಾಸ್ತಿ ಇರುತ್ತದೆ, ನೀವು ಆ ವಾರಗಳನ್ನು ನಿದ್ದೆ ಇಲ್ಲದೆ ದಾಟಿ ಬಂದಿದ್ದೀರಿ.

ಇದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ಎದೆಹಾಲು ನಿಲ್ಲಿಸದೆ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಇಲ್ಲಿ ಬರೆದ ಮಾತನ್ನೇ ಹೇಳಿ, "ಮಗು ಮಲಗಿದರೂ ನನಗೆ ನಿದ್ದೆ ಬರಲ್ಲ" ಅನ್ನುವುದನ್ನು ಬಿಡಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ, ಉಚಿತವಾಗಿ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಆ ಕ್ಷಣವೇ ಯಾರನ್ನಾದರೂ ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಸದ್ಯಕ್ಕೆ ಮಗುವನ್ನು ನಗಿಸುವ ಜವಾಬ್ದಾರಿ ಮನೆಯ ಬೇರೆಯವರಿಗೆ ಇರಲಿ. ರಾತ್ರಿ ಒಂದು ಸಲದ ಹಾಲನ್ನು ಹಿಂಡಿ ಇಟ್ಟು, ನಾಲ್ಕೈದು ಗಂಟೆ ಒಟ್ಟಿಗೆ ಮಲಗಲು ಬಿಡಿ ಅಂತ ಮನೆಯವರಿಗೆ ಈ ಉತ್ತರ ತೋರಿಸಿ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, ದಯವಿಟ್ಟು.

ಪ್ರಶ್ನೆ: ಮಗ 33 ವಾರಕ್ಕೇ ಹುಟ್ಟಿದ. ಈಗ ನಾಲ್ಕು ತಿಂಗಳು. ಈಚೆಗಷ್ಟೇ ನೋಡಿ ನಗ್ತಿದ್ದಾನೆ, ಕತ್ತು ಇನ್ನೂ ನಿಂತಿಲ್ಲ. ಹಿಂದೆ ಬಿದ್ದಿದ್ದಾನಾ?

ವೈದ್ಯೆ: ಇಲ್ಲ, ಅವನು ಸರಿಯಾಗಿಯೇ ಇದ್ದಾನೆ. ತುಂಬು ಗರ್ಭದ 40 ವಾರದಲ್ಲಿ 33 ಕಳೆಯಿರಿ, 7 ವಾರ. ನಾಲ್ಕು ತಿಂಗಳೆಂದರೆ ಸುಮಾರು 17 ವಾರ, ಅದರಲ್ಲಿ ಆ 7 ತೆಗೆದರೆ 10. ಅಂದರೆ ಬೆಳವಣಿಗೆಯ ಲೆಕ್ಕಕ್ಕೆ ಅವನು ಎರಡೂವರೆ ತಿಂಗಳ ಹತ್ತಿರದ ಮಗು. ನಗು ಬಂದಿದೆ, ಕತ್ತು ಇನ್ನು ಬರಬೇಕು. ಎರಡು ವರ್ಷದವರೆಗೆ ಹೀಗೇ ಲೆಕ್ಕ ಹಾಕಿ. 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಒಂದು ತಿಂಗಳ ಒಳಗೆ ಕಣ್ಣಿನ ಒಳಪರದೆಯ (ರೆಟಿನಾ) ಪರೀಕ್ಷೆ ಆಗಬೇಕು. ಆಗಿದೆಯಾ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ, ಆಗಿಲ್ಲದಿದ್ದರೆ ನಾಳೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಿವಿಯ ಪರೀಕ್ಷೆಯೂ ಆಗಿರಬೇಕು. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ. 6, 10, 14 ವಾರದ ಲಸಿಕೆಯನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ತಾಯಿ ಕಾರ್ಡ್ ತೆಗೆದು ನೋಡಿ, ಯಾವುದಾದರೂ ಉಳಿದಿದ್ದರೆ ಈ ವಾರವೇ ಹಾಕಿಸಿಕೊಂಡು ಬನ್ನಿ.