ವಿಲ್ಲೀಸ್ ಎಂಬಿ: ಬಿಸಿಯಾದ ಮೇಲೆ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್. ಯಾರಾದ್ರೂ ಹೇಳಿ

ಹಸಿರುಜೀಪು:
ಸಾಕಾಗಿ ಹೋಗಿದೆ. 1943ರ ವಿಲ್ಲೀಸ್ ಎಂಬಿ, ಎರಡನೇ ಮಹಾಯುದ್ಧದ ಮಿಲಿಟರಿ ಜೀಪು. ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದಾಗಿದೆ. ಕಾರ್ಟರ್ ಕಾರ್ಬೊರೇಟರ್‌ಗೆ ಹೊಸ ಕಿಟ್, ಹೊಸ ಪ್ಲಗ್, ಹೊಸ ಪಾಯಿಂಟ್ (ಕಿಡಿಗಾಗಿ ಕಾಯಿಲ್‌ನ ಕರೆಂಟ್ ಕಡಿಯುವ ಸ್ವಿಚ್). ಟ್ಯಾಂಕ್ ಬಿಚ್ಚಿ ತೊಳೆದಿದ್ದೇನೆ. ಬೆಳಿಗ್ಗೆ ಸೆಲ್ಫ್ ಮುಟ್ಟಿದರೆ ಸಾಕು, ಸ್ಟಾರ್ಟ್. ಅರ್ಧ ಗಂಟೆ ಓಡಿಸಿದರೆ ಮಿಸ್ಸಿಂಗ್ ಶುರುವಾಗಿ ನಿಂತೇ ಹೋಗುತ್ತದೆ. ಕಾದು ಕೂತರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಹೊರಡುತ್ತದೆ. ಟೆಂಪರೇಚರ್ ಮುಳ್ಳು ಸರಿಯಾಗೇ ಇದೆ. ಫೋಟೋ ಹಾಕಿದ್ದೇನೆ. ದಯವಿಟ್ಟು ‘ಒಳ್ಳೆ ಮೆಕ್ಯಾನಿಕ್‌ಗೆ ತೋರಿಸಿ’ ಅನ್ನಬೇಡಿ.

ಗ್ರೀಸ್‌ಕೈ:
ವೇಪರ್ ಲಾಕ್. ಇದರಲ್ಲಿ ಯೋಚನೆ ಮಾಡೋದೇನೂ ಇಲ್ಲ. ಈ ಇಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಕಡೆ. ಕಾರ್ಬೊರೇಟರ್ ಕೂತಿರುವುದೇ ಒಲೆಯ ಮೇಲೆ. ಪೆಟ್ರೋಲ್ ಪೈಪಿನಲ್ಲೇ ಆವಿಯಾದರೆ ಪಂಪ್ ಏನನ್ನು ತಳ್ಳಬೇಕು? ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿ.

ಹಳೇಬಾನೆಟ್:
ಮೊದಲು ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿ. ಗಾಳಿ ಒಳಗೆ ಹೋಗದಿದ್ದರೂ ಹೀಗೇ ಆಗುತ್ತದೆ. ಮ್ಯಾನಿಫೋಲ್ಡ್‌ನ ಹೀಟ್ ಕಂಟ್ರೋಲ್ ವಾಲ್ವ್ (ಹೊಗೆಯ ಬಿಸಿಯನ್ನು ಕಾರ್ಬೊರೇಟರ್ ಕಡೆ ತಿರುಗಿಸುವ ತಟ್ಟೆ) ತುಕ್ಕು ಹಿಡಿದು ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ.

ಹಸಿರುಜೀಪು:
ಪಟ್ಟಿ ಸುತ್ತಿದೆ. ಮುಚ್ಚಳ ಸಡಿಲ ಮಾಡಿದೆ. ವಾಲ್ವ್ ಆರಾಮಾಗಿ ತಿರುಗುತ್ತದೆ. ಅದೇ ಜಾಗದಲ್ಲಿ, ಅದೇ ಹಣೆಬರಹ.

ಗ್ರೀಸ್‌ಕೈ:
ಹಾಗಾದರೆ ಪಟ್ಟಿ ಸರಿಯಾಗಿ ಸುತ್ತಿಲ್ಲ. ಪಂಪ್‌ನಿಂದ ಕಾರ್ಬೊರೇಟರ್ ತನಕ ಎಲ್ಲೂ ಪೈಪ್ ಕಾಣಬಾರದು. ಮರದ ಬಟ್ಟೆ ಕ್ಲಿಪ್‌ಗಳನ್ನೂ ಸಾಲಾಗಿ ಹಾಕಿ. ನಗಬೇಡಿ, ನನ್ನ ಗಾಡಿಯಲ್ಲಿ ಈಗಲೂ ಇವೆ.

ಪಾಯಿಂಟ್‌ಗ್ಯಾಪ್:
ಕ್ಲಿಪ್ ಬಿಡಿ ಸ್ವಾಮಿ. ಪೆಟ್ರೋಲ್ ಇಲ್ಲವೋ, ಕಿಡಿ ಇಲ್ಲವೋ, ಅದನ್ನು ಮೊದಲು ಬೇರೆ ಮಾಡಿ. ನಿಂತ ತಕ್ಷಣ ಕಾರ್ಬೊರೇಟರ್ ಮೇಲಿನ ಗಾಳಿ ಪೈಪ್ ತೆಗೆದು ಥ್ರಾಟಲ್ ಎಳೆಯಿರಿ. ಒಳಗೆ ಪೆಟ್ರೋಲ್ ಚಿಮ್ಮಿದರೆ ವೇಪರ್ ಲಾಕ್ ಕತೆ ಹೆಚ್ಚು ಕಮ್ಮಿ ಮುಗಿಯಿತು. ಗಾಳಿ ಪೈಪ್ ವಾಪಸ್ ಹಾಕಿ (ಆವಿ ಇರುವ ಕಡೆ ಕಿಡಿ ಹಾರಿಸಬೇಡಿ), ಆಮೇಲೆ ಒಂದು ಪ್ಲಗ್ ಬಿಚ್ಚಿ ಬ್ಲಾಕ್‌ಗೆ ತಾಗಿಸಿಟ್ಟು ಸೆಲ್ಫ್ ಹೊಡೆಯಿರಿ. ಪಾಯಿಂಟ್ ಗ್ಯಾಪ್ 0.020 ಇಂಚು ಇದೆ ತಾನೇ? ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಯಾವುದು? ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ.

ಬೋಲ್ಟ್‌ಬೇಟೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎರಡನೇ ಫೋಟೋದಲ್ಲಿ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿ. ಎಂಬಿಗೆ ಅದು ದುಂಡನೆಯ ಪೈಪ್. ಇದು ಚೌಕ ಇದೆ. ಇದು ಫೋರ್ಡ್ ಜಿಪಿಡಬ್ಲ್ಯೂ ಚಾಸಿ, ಅಂದರೆ ಇದೇ ಜೀಪನ್ನು ಫೋರ್ಡ್ ಕಟ್ಟಿದ್ದು.

ಹಸಿರುಜೀಪು:
ಡ್ಯಾಶ್‌ಬೋರ್ಡ್ ಪ್ಲೇಟ್ ಮೇಲೆ ವಿಲ್ಲೀಸ್ ಅಂತಲೇ ಇದೆ.

ಬೋಲ್ಟ್‌ಬೇಟೆ:
ಪ್ಲೇಟ್ ಯಾರು ಬೇಕಾದರೂ ಬಡಿಯಬಹುದು. ಬೋಲ್ಟ್ ತಲೆ ಮೇಲೆ ಫೋರ್ಡ್‌ನ ಎಫ್ ಅಕ್ಷರ ಇದೆಯಾ ನೋಡಿ.

ಪಾಯಿಂಟ್‌ಗ್ಯಾಪ್:
ಅದೇ ಎರಡನೇ ಫೋಟೋದಲ್ಲಿ ನನಗೆ ಕಂಡದ್ದು ಬೇರೆ. ಡೈನಮೋ ಇರಬೇಕಾದ ಜಾಗದಲ್ಲಿ ಆಲ್ಟರ್ನೇಟರ್ ಇದೆ. ಗಾಡಿ ಎಷ್ಟು ವೋಲ್ಟ್ ಈಗ?

ಹಸಿರುಜೀಪು:
12, ಮೊದಲು 6 ಇತ್ತು. ಎಲ್ಲರೂ ಮಾಡುತ್ತಾರಲ್ವಾ, ಅದನ್ನೂ ಹೇಳಬೇಕಾ? ಬ್ಯಾಟರಿ, ಬಲ್ಬ್, ಆಲ್ಟರ್ನೇಟರ್ ಬದಲಾಯಿಸಿದೆ. ಪ್ಲಗ್‌ನ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಹಳೆಯದೇ. ಕಿಡಿ ಜೋರಾಗಿಯೇ ಬರುತ್ತಿತ್ತು, ಸುಮ್ನೆ ಯಾಕೆ ತೆಗೆಯೋದು ಅಂತ ಬಿಟ್ಟೆ.

ಪಾಯಿಂಟ್‌ಗ್ಯಾಪ್:
ಜೋರಾಗಿ ಬರದೇ ಏನು! 6 ವೋಲ್ಟ್ ಕಾಯಿಲ್‌ಗೆ 12 ಕೊಟ್ಟರೆ ಕರೆಂಟ್ ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಅರ್ಧ ಗಂಟೆಯಲ್ಲಿ ಕಾಯಿಲ್ ಒಳಗೇ ಬೇಯುತ್ತದೆ. ಇನ್ಸುಲೇಷನ್ ಕೈಕೊಡುತ್ತದೆ, ಕಿಡಿ ಹೋಗುತ್ತದೆ. ತಣ್ಣಗಾದರೆ ವಾಪಸ್. ಪಾಯಿಂಟ್ ಕೂಡ ಸುಟ್ಟಿರುತ್ತದೆ, ತೆಗೆದು ನೋಡಿ. ಒಂದೋ ಸುಮಾರು 1.5 ಓಮ್‌ನ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ಇಳಿಸೋದು) ಹಾಕಿ, ಇಲ್ಲಾ ಒಳಗೇ ರೆಸಿಸ್ಟರ್ ಇರುವ 12 ವೋಲ್ಟ್ ಕಾಯಿಲ್ ಹಾಕಿ. ಈ ಕಾಯಿಲ್ ಇಷ್ಟು ಬೆಂದ ಮೇಲೆ ನಾನಾದರೆ ನಂಬುವುದಿಲ್ಲ. ಪೆಟ್ರೋಲ್ ಮೀಟರ್ ಕೂಡ 6 ವೋಲ್ಟಿನದು, ಅದಕ್ಕೂ ವೋಲ್ಟೇಜ್ ಇಳಿಸಿ. ಟೆಂಪರೇಚರ್ ಮೀಟರ್‌ಗೆ ಕರೆಂಟೇ ಬೇಡ, ಅದಕ್ಕೇ ಅದೊಂದು ಸರಿಯಾಗಿ ತೋರಿಸುತ್ತಿದೆ.

ಆರುವೋಲ್ಟ್:
ಇದಕ್ಕೇ ನಾನು ಹೇಳೋದು, ಮುಟ್ಟಬೇಡಿ ಅಂತ. 6 ವೋಲ್ಟ್ ಸಾಲೋದಿಲ್ಲ ಅನ್ನುವವರು ಈಗಿನ ತೆಳ್ಳನೆ ಬ್ಯಾಟರಿ ಕೇಬಲ್ ಹಾಕಿರುತ್ತಾರೆ. ಅಷ್ಟೇ ಕೆಲಸಕ್ಕೆ ಕರೆಂಟ್ ಎರಡರಷ್ಟು ಬೇಕು, ಕೇಬಲ್ ದಪ್ಪ ಇರಬೇಕು, ಅರ್ಥ್ ಜಾಗದಲ್ಲಿ ಪೇಂಟ್ ಕೆರೆದಿರಬೇಕು. ನನ್ನ ಜಿಎಂಸಿ ಸಿಸಿಕೆಡಬ್ಲ್ಯೂ ಲಾರಿಯದು 270 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್. 6 ವೋಲ್ಟ್‌ನಲ್ಲೇ ಚಳಿಗಾಲದಲ್ಲೂ ತಿರುಗುತ್ತದೆ.

ಹಳೇಬಾನೆಟ್:
ಲಾರಿ ವಿಷಯ ಯಾರು ಕೇಳಿದರು? ನನ್ನ ಎಂ38 ಜೀಪಿಗೆ ಕಾರ್ಖಾನೆಯಿಂದಲೇ 24 ವೋಲ್ಟ್, ಇಗ್ನಿಷನ್‌ಗೂ ನೀರು ಹೋಗೋದಿಲ್ಲ. ಅದೂ ಮಿಲಿಟರಿ ಗಾಡಿಯೇ ತಾನೇ? ವೋಲ್ಟ್ ಜಾಸ್ತಿ ಆದರೆ ಧರ್ಮ ಕೆಡೋದಿಲ್ಲ.

ಆರುವೋಲ್ಟ್:
24 ಅಂತ ಅದನ್ನು ಕಟ್ಟಿದ್ದೇ ಹಾಗೆ. ಅರ್ಧ ಬದಲಾಯಿಸಿ ಅರ್ಧ ಬಿಡೋದು ಬೇರೆ.

ಹಸಿರುಜೀಪು:
ಇವತ್ತು ಮತ್ತೆ ನಿಂತಿತು. ಥ್ರಾಟಲ್ ಎಳೆದರೆ ಪೆಟ್ರೋಲ್ ಚಿಮ್ಮುತ್ತದೆ. ಪ್ಲಗ್‌ನಲ್ಲಿ ಕಿಡಿ ಇಲ್ಲ. ಕಾಯಿಲ್ ಮುಟ್ಟೋಕೂ ಆಗಲಿಲ್ಲ. ಪಾಯಿಂಟ್ ನೀಲಿ ತಿರುಗಿದೆ. ರೆಸಿಸ್ಟರ್ ಇರುವ 12 ವೋಲ್ಟ್ ಕಾಯಿಲ್‌ಗೆ ಆರ್ಡರ್ ಕೊಟ್ಟಿದ್ದೇನೆ, ಬಂದ ಮೇಲೆ ಹೇಳುತ್ತೇನೆ.

ಗ್ರೀಸ್‌ಕೈ:
ಕಾಯಿಲ್ ಹಾಕಿ, ಬೇಡ ಅನ್ನೋದಿಲ್ಲ. ಆದರೆ ಪೈಪಿನ ಪಟ್ಟಿ ಮಾತ್ರ ತೆಗೆಯಬೇಡಿ.

ಬೋಲ್ಟ್‌ಬೇಟೆ:
ಬೋಲ್ಟ್ ನೋಡಿದಿರಾ?

ಹಸಿರುಜೀಪು:
ಬಂಪರ್‌ನ ಕೆಲವು ಬೋಲ್ಟ್ ಮೇಲೆ ಎಫ್ ಇದೆ, ಕೆಲವದರ ಮೇಲೆ ಇಲ್ಲ. ಈಗ ಅದು ಬೇಡ, ಮೊದಲು ಓಡಲಿ.

ಮರಳುಗಾಡಿ:
ನನ್ನದೂ ಇದೇ ಸಮಸ್ಯೆ, ಆದರೆ ಡಾಡ್ಜ್ ಡಬ್ಲ್ಯೂಸಿ ಮಿಲಿಟರಿ ಟ್ರಕ್, ಪೂರ್ತಿ 6 ವೋಲ್ಟ್. ನಾನೂ 12 ವೋಲ್ಟ್ ಕಾಯಿಲ್ ಹಾಕಲಾ?

ಪಾಯಿಂಟ್‌ಗ್ಯಾಪ್:
ಅಯ್ಯೋ ಬೇಡ ಮಾರಾಯ್ರೇ, ಇರುವ ಕಿಡಿಯೂ ಹೋಗುತ್ತದೆ. ಕಂಡೆನ್ಸರ್ ಬದಲಾಯಿಸಿ ನೋಡಿ. ಬೇರೆ ಚರ್ಚೆ ಶುರು ಮಾಡಿ, ಈ ಸಲ ವೈರಿಂಗ್ ಫೋಟೋ ಮೊದಲೇ ಹಾಕಿ.