‘ಲಿಂಕ್ ಮಾಡು’ ಬಟನ್ನಿಗೆ ಕನ್ನಡ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಕಟ್ಟಡ ಕೆಲಸ ನಿಭಾಯಿಸುವ ಒಂದು ಸಾಫ್ಟ್‌ವೇರನ್ನು ಕನ್ನಡಕ್ಕೆ ತರುತ್ತಿದ್ದೇವೆ. ಸೋಮವಾರದೊಳಗೆ ಒಂದು ಬಟನ್ನಿಗೆ ಪದ ಬೇಕು.

ಸಂದರ್ಭ ಹೀಗಿದೆ. ಸ್ಲ್ಯಾಬಿನ ಡ್ರಾಯಿಂಗಿನಲ್ಲಿ ಕಂಬಿಗಳ ಅಂತರ ಸರಿಯಿಲ್ಲ ಅನಿಸಿ ಸೈಟ್ ಇಂಜಿನಿಯರ್ ಪ್ರಶ್ನೆ ಕಳಿಸುತ್ತಾರೆ. ಡಿಸೈನ್ ಮಾಡಿದವರು ಉತ್ತರ ಕೊಡುತ್ತಾರೆ. ಅದರಿಂದ ಕಂಬಿ ಜಾಸ್ತಿ ಬೇಕಾಗುತ್ತದೆ, ಹೆಚ್ಚಿನ ಖರ್ಚಿಗೆ ಮಂಜೂರಾತಿ ಕೇಳಬೇಕಾಗುತ್ತದೆ. ಪ್ರಶ್ನೆಯ ಕಡತ ಸಾಗುವ ದಾರಿ ಬೇರೆ, ಮಂಜೂರಾತಿಯದ್ದು ಬೇರೆ. ಸಹಿ ಹಾಕುವವರೂ ಬೇರೆ. ಎರಡನ್ನೂ ಲಿಂಕ್ ಮಾಡಿದರೆ ಒಂದನ್ನು ತೆರೆದವರಿಗೆ ಇನ್ನೊಂದೂ ಕಾಣುತ್ತದೆ. ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಸ್ಲ್ಯಾಬ್ ಮುಗಿಸಬೇಕು ಅಂತ ಎಷ್ಟೋ ಮಾತು ಫೋನಿನಲ್ಲೇ ಆಗಿಬಿಡುತ್ತದೆ. ಆಮೇಲೆ ಬಿಲ್ಲಿನ ಹೊತ್ತಿಗೆ ‘ಈ ಖರ್ಚು ಯಾಕೆ ಬಂತು?’ ಅಂದರೆ ತೋರಿಸಲು ಏನೂ ಇರುವುದಿಲ್ಲ. ಈ ಸೌಲಭ್ಯ ಇರುವುದೇ ಅದಕ್ಕೆ.

‘ಸಂಯೋಜಿಸು’, ‘ಜೋಡಿಸು’, ‘ಕೊಂಡಿ ಹಾಕು’. ಯಾವುದು ಸರಿ?

ಉತ್ತರ, ತೀರ್ಥಹಳ್ಳಿಯಿಂದ:

‘ಸಂಯೋಜಿಸು’ ಬೇಡವೇ ಬೇಡ. ಸೈಟಿನಲ್ಲಿ ನಿಂತವರು ಅದನ್ನು ಓದಿ ಏನು ಮಾಡಬೇಕು ಮಾರಾಯ್ರೇ? ‘ಜೋಡಿಸು’ ಅಂದರೆ ಫೋಟೊ ಸೇರಿಸಬೇಕೇನೋ ಅಂದುಕೊಳ್ಳುತ್ತಾರೆ. ಕೊಂಡಿ ಚೇಳಿಗೆ ಇರುವುದು. ನಿಮಗೆ ಬೇಕಾದ್ದು ‘ನಂಟು’. ನಂಟರ ಮನೆ ಬೇರೆ, ಒಲೆ ಬೇರೆ, ಆದರೂ ಸಂಬಂಧ ಇದೆಯಲ್ಲ, ನಿಮ್ಮ ಎರಡು ಕಡತಗಳೂ ಹಾಗೇ. ತಮಿಳಿನ ‘ನಣ್ಬನ್’, ನಮ್ಮ ‘ನಂಟ’ ಎರಡಕ್ಕೂ ಒಂದೇ ಬೇರು. ಅಷ್ಟು ಹಳೆಯ ಮಾತು ಕೈಲಿರುವಾಗ ಸಾಲ ಯಾಕೆ? ಹಾಗೇ ಆ ‘ಮಂಜೂರಾತಿ’ ತೆಗೆದು ‘ಒಪ್ಪಿಗೆ’ ಅಂತ ಹಾಕಿ.

ಉತ್ತರ, ಸಾಗರದಿಂದ:

ಬಟನ್ನಿಗೆ ಬೇಕಿರುವುದು ಕ್ರಿಯಾಪದ. ‘ನಂಟಿಸು’ ಅಂತ ಯಾರು ಆಡುತ್ತಾರೆ? ಸರಪಳಿಗೂ ಕೊಂಡಿ ಇದೆ, ವೆಬ್‌ಪುಟಗಳಲ್ಲೂ ಕೊಂಡಿ ಓಡಾಡುತ್ತಿದೆ. ಅದನ್ನೇ ಹಾಕಿ.

ಇನ್ನು ಮಂಜೂರಾತಿ ವಿಷಯ. ಅದು ಪಾರ್ಸಿಯಿಂದ ಬಂತು ಅಂತ ಹೊರಗೆ ಹಾಕಿದರೆ ‘ಅರ್ಜಿ’ಯನ್ನೂ ಹಾಕಬೇಕು. ‘ಮೇಸ್ತ್ರಿ’ ಪೋರ್ಚುಗೀಸರದ್ದು, ಅವರಿಲ್ಲದೆ ಕಟ್ಟಡ ಏಳುತ್ತದಾ? ಬಿಲ್ ಪಾಸಾಗಲು ಬಾಯಿಮಾತಿನ ‘ಒಪ್ಪಿಗೆ’ ಸಾಲದು, ಮಂಜೂರಾತಿಯೇ ಬೇಕು. ಪದದ ಹುಟ್ಟು ಹಿಡಿದು ಕೂರಬೇಡಿ. ಹುಣಸೆಬೀಜದ ಅಂಟಿಗೆ ಇದ್ದಿಲು ಸೇರಿಸಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕಕ್ಕೆ ‘ಕಡತ’ ಅನ್ನುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥವು ಎಷ್ಟೋ ಇವೆ. ಈಗ ಕಂಪ್ಯೂಟರಿನ ಫೈಲಿಗೂ ಅದೇ ಪದ ಸಲೀಸಾಗಿ ನಡೆಯುತ್ತಿದೆ.

ಒಂದು ಅನುಮಾನ. ಕಂಬಿ ಪರಿಶೀಲನೆ ಮುಗಿಯದೆ ಕಾಂಕ್ರೀಟ್ ಶುರು ಮಾಡಬಾರದು ಅನ್ನುವ ತಡೆಗೂ ಇದೇ ಬಟನ್ನಾ?

ಶಿವಮೊಗ್ಗದಿಂದ:

ಅಲ್ಲ ಸಾರ್, ಆ ತಡೆಗೆ ಬೇರೆ ಬಟನ್ ಇದೆ. ಇದು ಒಂದರಿಂದ ಇನ್ನೊಂದನ್ನು ನೋಡುವುದಕ್ಕೆ ಮಾತ್ರ. ಬಟನ್ನಿಗೆ ‘ಕೊಂಡಿ ಹಾಕು’, ಕೆಳಗೆ ಬರುವ ಪಟ್ಟಿಗೆ ‘ನಂಟಿರುವ ಕಡತಗಳು’ ಅಂತ ಕಳಿಸುತ್ತಿದ್ದೇನೆ. ತಪ್ಪಾಗಿ ಲಿಂಕ್ ಮಾಡಿದ್ದನ್ನು ಬಿಡಿಸುವುದಕ್ಕೆ ‘ಕೊಂಡಿ ಕಳಚು’ ಸಾಕಲ್ವಾ?