ಅಪ್‌ಡೇಟ್: ನಸುಕಿಗೆ ಕೆತ್ತನೆ, ಭಾನುವಾರಕ್ಕೆ ಮಾರಾಟ
ಹಲಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ ಕಾಗದಕ್ಕೆ ಒತ್ತುವ ಮರದಚ್ಚಿನ ಚಿತ್ರಗಳನ್ನು ಒಬ್ಬಳೇ ಮಾಡಿ ಒಬ್ಬಳೇ ಮಾರುವುದು ಹೇಗೆ, ಮಾರಲು ಹೊರಟರೆ ಉಳಿ ಮೂಲೆ ಸೇರುತ್ತದೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಕೆತ್ತನೆಗೂ ಮಾರಾಟಕ್ಕೂ ಬೇರೆ ಬೇರೆ ಹೊತ್ತು ಇಟ್ಟುಕೊಳ್ಳಿ ಎಂದಿರಿ, ಹಾಗೇ ಮಾಡಿದೆ. ಈಗ ಬೆಳಿಗ್ಗೆ ಹತ್ತರವರೆಗೆ ಮೊಬೈಲ್ ಮುಟ್ಟುವುದಿಲ್ಲ. ಕೊಪ್ಪಳದ ಬಿಸಿಲು ಏರಿದರೆ ನೀರುಬಣ್ಣ ಹಲಗೆಯ ಮೇಲೆಯೇ ಒಣಗುತ್ತದೆ, ಹಾಗಾಗಿ ಅಚ್ಚೊತ್ತುವುದೂ ನಸುಕಿನಲ್ಲೇ. ಸೌಟಿನ ಬೆನ್ನಿನಿಂದ ಕಾಗದವನ್ನು ಉಜ್ಜಿ, ಮೂಲೆ ಹಿಡಿದು ಮೆಲ್ಲನೆ ಎತ್ತುವ ಆ ಕ್ಷಣಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ! ಭಾನುವಾರ ಆನೆಗೊಂದಿಯಲ್ಲಿ ಮಾರಾಟ. ಅಂಗೈಯಗಲದವು 150 ರೂಪಾಯಿಗೆ ಬೇಗ ಹೋಗುತ್ತವೆ. ಕಾಗದದ ಖರ್ಚು ಅವುಗಳಿಂದಲೇ ಹುಟ್ಟುತ್ತದೆ. ದೊಡ್ಡದನ್ನು 20 ಪ್ರತಿಗೆ ನಿಲ್ಲಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಬರೆಯುತ್ತೇನೆ. ಅದರಲ್ಲಿ ಚೌಕಾಸಿ ಇಲ್ಲ. ಕೆತ್ತನೆಯ ಹೊತ್ತು ಉಳಿಸಲು ಒಂದು ಸಗಟು ಆರ್ಡರ್ ಬೇಡವೆಂದೆ, ಸಂಕಟವಾಯಿತು. ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಹಿರಿಯ ಕುಶಲಕರ್ಮಿಯೊಬ್ಬರು "ಹಸಿ ಮರಕ್ಕೆ ಉಳಿ ಹಚ್ಚಬೇಡ ತಂಗಿ" ಎಂದಿದ್ದಾರೆ. ಹೊಸ ಹಲಗೆಗಳು ನೆರಳಿನಲ್ಲಿ ಒಣಗುತ್ತಿವೆ.